ಎಳೆ ಕೋಳಿಗಳು ಗರಿ ಉದುರಿಸುವುದು ಯಾವಾಗ, ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ತಿಂಗಳ ಮರಿ. ಚೆನ್ನಾಗಿ ತಿನ್ನುತ್ತಿದೆ, ಓಡಾಡುತ್ತಿದೆ. ಆದರೆ ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ನೆಲದ ತುಂಬಾ ಪುಕ್ಕ. ಕತ್ತು ಕೆದರಿದೆ, ಬಾಲ ಮೊಂಡಾಗಿದೆ. ಹೊಸದಾಗಿ ಕೋಳಿ ಸಾಕುವವರು ತಕ್ಷಣ ಔಷಧಿ ಅಂಗಡಿಗೆ ಓಡುತ್ತಾರೆ. ಅಲ್ಲಿ ಏನಾದರೂ ಒಂದು ಬಾಟಲಿ ಸಿಕ್ಕೇ ಸಿಗುತ್ತದೆ. ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದ್ದು ಇದು: ಮರಿ ಮೊಟ್ಟೆ ಒಡೆದು ಹೊರಗೆ ಬಂದು ಎಷ್ಟು ವಾರ ಆಯ್ತು?

ಮರಿಗಳೂ ಗರಿ ಉದುರಿಸುತ್ತವಾ? ಅದು ದೊಡ್ಡ ಕೋಳಿಗಳ ಸಮಾಚಾರ ಅಲ್ವಾ?

ಮರಿಗಳೇ ಜಾಸ್ತಿ ಸಲ ಉದುರಿಸುತ್ತವೆ. ದೊಡ್ಡ ಕೋಳಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಳೇ ಗರಿ ಬಿಟ್ಟು ಹೊಸದು ಬೆಳೆಸಿಕೊಳ್ಳುತ್ತದೆ. ಮರಿಯಾದರೋ ಮೊದಲ ಮೂರು ತಿಂಗಳಲ್ಲೇ ಎರಡು ಸಲ ಮೈ ಬದಲಿಸಿರುತ್ತದೆ. ಮೊದಲನೆಯದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಎರಡನೆಯದು ಗಾಬರಿ ಹುಟ್ಟಿಸುತ್ತದೆ. ಅಷ್ಟೇ ವ್ಯತ್ಯಾಸ.

ಯಾವ ವಯಸ್ಸಿನಲ್ಲಿ ಏನಾಗುತ್ತದೆ, ಸ್ವಲ್ಪ ಬಿಡಿಸಿ ಹೇಳಿ.

ಹುಟ್ಟಿದಾಗ ಮರಿಯ ಮೈ ಮೇಲಿರುವುದು ಬರೀ ತುಪ್ಪಳ. ಒಂದು ವಾರ ತುಂಬುವ ಹೊತ್ತಿಗೆ ರೆಕ್ಕೆಯ ಗರಿಗಳು ಎದ್ದು ಕಾಣುತ್ತವೆ. ಆಮೇಲೆ ಬಾಲ, ಭುಜ, ಎದೆ, ಬೆನ್ನು. ತಲೆ ಮತ್ತು ಕತ್ತು ಕೊನೆಗೆ. ನಾಲ್ಕು, ಐದು ವಾರಕ್ಕೆ ತುಪ್ಪಳ ಹೆಚ್ಚುಕಮ್ಮಿ ಪೂರ್ತಿ ಹೋಗಿರುತ್ತದೆ. ಇಲ್ಲಿ ಒಂದು ಸ್ವಾರಸ್ಯ ಇದೆ. ಹೊಸ ಗರಿ ಹುಟ್ಟುವುದು ತುಪ್ಪಳ ಇದ್ದ ಅದೇ ಕುಳಿಯಿಂದ. ಅದು ಹಳೇ ತುಪ್ಪಳವನ್ನು ತುದಿಯಲ್ಲಿ ಹೊತ್ತುಕೊಂಡೇ ಮೇಲೆ ಬರುತ್ತದೆ. ಮೂರು ವಾರದ ಮರಿಯನ್ನು ಕೈಯಲ್ಲಿ ಹಿಡಿದು ಬೆನ್ನು ನೋಡಿ. ಗರಿಯ ತುದಿಯಲ್ಲಿ ಹಳದಿ ನೂಲಿನಂಥ ಎಳೆ ಅಂಟಿಕೊಂಡಿರುತ್ತದೆ. ಕೆಲವು ದಿನದಲ್ಲಿ ಮುರಿದು ಬೀಳುತ್ತದೆ. ಮೈ ಬೋಳಾಗುವ ಮೊದಲೇ ಹೊಸ ಗರಿ ಬಂದಿರುತ್ತದಲ್ಲ, ಹಾಗಾಗಿ ನಾವು ಗಮನಿಸುವುದಿಲ್ಲ.

ಎರಡನೆಯದು ಸುಮಾರು 7–8ನೇ ವಾರಕ್ಕೆ ಶುರುವಾಗಿ 12ನೇ ವಾರದ ಹೊತ್ತಿಗೆ ಬಹುಪಾಲು ಮುಗಿಯುತ್ತದೆ. ನಾಟಿ ಕೋಳಿಗಳಲ್ಲಿ ಒಂದೆರಡು ವಾರ ಆಚೀಚೆ ಆಗುತ್ತದೆ. ಈ ಸಲ ಬೀಳುವುದು ನಿಜವಾದ ಗರಿಗಳು, ಕಣ್ಣಿಗೆ ಕಾಣುವಂಥವು. ಗೂಡಿನ ತುಂಬಾ ಪುಕ್ಕ ಅನ್ನುವ ದೂರು ಬರುವುದು ಈ ಹೊತ್ತಿನಲ್ಲೇ.

ಮೊಟ್ಟೆಗೆ ಬರುವ ಮುನ್ನ ಇನ್ನೊಂದು ಅರ್ಧಂಬರ್ಧ ಬದಲಾವಣೆ ಇದೆ. ನಿಧಾನವಾಗಿ ನಡೆಯುತ್ತದೆ, ಅನೇಕರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ದೊಡ್ಡವರ ಸರದಿ. ಮೊದಲ ಪೂರ್ತಿ ಗರಿ ಉದುರುವಿಕೆ ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ವರ್ಷದ ಸುಮಾರಿಗೆ.

ಇಷ್ಟು ಬೇಗ ಬೇಗ ಯಾಕೆ ಬದಲಿಸಬೇಕು?

ಒಮ್ಮೆ ಬೆಳೆದು ನಿಂತ ಗರಿಗೆ ಜೀವ ಇಲ್ಲ. ನಮ್ಮ ಉಗುರಿನ ತುದಿಯಂತೆ ಅದು ಒಣ ವಸ್ತು. ಮೈ ದೊಡ್ಡದಾದಂತೆ ಅದು ದೊಡ್ಡದಾಗುವುದಿಲ್ಲ. ನಾಲ್ಕು ವಾರದಲ್ಲಿ ಬಂದ ಗರಿ ಹನ್ನೆರಡು ವಾರದ ಮೈಗೆ ಸಾಲುವುದಿಲ್ಲ. ಹಾಗಾಗಿ ಹಳೆಯದನ್ನು ಬಿಟ್ಟು ದೊಡ್ಡ ಅಳತೆಯದನ್ನು ಹಾಕಿಕೊಳ್ಳಲೇಬೇಕು. ಮೊದಲ ಗರಿಗಳು ತೆಳು ಕೂಡ, ಮಳೆಗೆ ಬೇಗ ನೆನೆಯುತ್ತವೆ.

ಚಳಿಗಾಲಕ್ಕೆ ಗರಿ ಉದುರುತ್ತದೆ ಅಂತ ಓದಿದ್ದೆ. ನಮ್ಮ ಮರಿ ಏಪ್ರಿಲ್‌ನಲ್ಲೇ ಉದುರಿಸುತ್ತಿದೆಯಲ್ಲ?

ನೀವು ಓದಿದ್ದು ದೊಡ್ಡ ಕೋಳಿಗಳ ಬಗ್ಗೆ, ಅದೂ ತಣ್ಣನೆ ದೇಶಗಳವರು ಬರೆದದ್ದು. ಮರಿಗಳ ಗರಿ ಬದಲಾವಣೆ ವಯಸ್ಸಿನ ಲೆಕ್ಕದಲ್ಲಿ ನಡೆಯುತ್ತದೆ. ಏಪ್ರಿಲ್ ಆದರೂ ಅಷ್ಟೇ, ಅಕ್ಟೋಬರ್ ಆದರೂ ಅಷ್ಟೇ.

ದೊಡ್ಡ ಕೋಳಿಗೆ ಮಾತ್ರ ಹಗಲಿನ ಉದ್ದ ಮುಖ್ಯ. ಹಗಲು ಕುಗ್ಗುತ್ತಾ ಬಂದರೆ ಮೊಟ್ಟೆ ನಿಲ್ಲಿಸಿ ಗರಿ ಬದಲಿಸುತ್ತದೆ. ಲಂಡನ್‌ನಲ್ಲಿ ಜೂನ್‌ನ ಹಗಲು ಹದಿನಾರೂವರೆ ಗಂಟೆ, ಡಿಸೆಂಬರ್‌ನದು ಎಂಟು ಗಂಟೆಗೂ ಕಡಿಮೆ. ಅಲ್ಲಿನ ಕೋಳಿಗೆ ಕಾಲ ಬದಲಾದದ್ದು ಚೆನ್ನಾಗಿ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಹಾಗಾಗಿ ನಮ್ಮಲ್ಲಿ ಹಿತ್ತಲಿನ ಕೋಳಿಗಳೆಲ್ಲ ಒಂದೇ ತಿಂಗಳಲ್ಲಿ ಬೋಳಾಗುವುದಿಲ್ಲ. ಒಂದೊಂದು ಒಂದೊಂದು ಕಾಲಕ್ಕೆ. ಕಾವು ಕೂತು ಮರಿ ಎಬ್ಬಿಸಿ ಸುಸ್ತಾದ ಹೇಂಟೆ ಅದಾದ ಮೇಲೆ ಗರಿ ಬಿಡುವುದನ್ನು ಹಳ್ಳಿಯವರು ನೋಡೇ ಇರುತ್ತೀರಿ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಮನೆ ಹಿಂದೆ ಕೋಳಿ ಸಾಕುವ ಕನ್ನಡಿಗರಿಗೆ ಅಲ್ಲಿನ ಪುಸ್ತಕದ ಲೆಕ್ಕ ಸರಿ. ಅದನ್ನೇ ತಂದು ತುಮಕೂರಿನ ಕೋಳಿಗೆ ಹಾಕಬೇಡಿ.

ಇದು ಗರಿ ಬದಲಾವಣೆಯಾ, ರೋಗಾನಾ? ಹೇಗೆ ಗೊತ್ತಾಗುತ್ತದೆ?

ಮರಿಯನ್ನು ಹಿಡಿದು ನೋಡದೆ ಗೊತ್ತಾಗುವುದಿಲ್ಲ. ದೂರದಿಂದ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದರೆ ನಾಲ್ಕು ರೋಗದ ಹೆಸರು ಬರುತ್ತದೆ.

ಸಂಜೆ ಮರಿ ಗೂಡಿಗೆ ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಳ್ಳಿ. ಆಗ ಒದ್ದಾಟ ಕಡಿಮೆ. ಗರಿ ಹೋದ ಜಾಗಕ್ಕೆ ಬಾಯಿಂದ ಗಾಳಿ ಊದಿ, ಪಕ್ಕದ ಪುಕ್ಕ ಸರಿಯುತ್ತದೆ. ಟಾರ್ಚ್ ಹಿಡಿದು ಚರ್ಮ ನೋಡಿ. ಅಲ್ಲಿ ಮುಳ್ಳಿನ ಹಾಗೆ ಎಳೆ ಗರಿಗಳು ಏಳುತ್ತಿದ್ದರೆ, ಅವುಗಳ ಸುತ್ತ ತೆಳ್ಳಗಿನ ಬಿಳಿ ಪೊರೆ ಇದ್ದರೆ, ಬುಡ ಸ್ವಲ್ಪ ನೀಲಿಯಾಗಿ ಕಂಡರೆ, ಅದು ಗರಿ ಬದಲಾವಣೆ. ಆ ನೀಲಿ ಬಣ್ಣ ಒಳಗೆ ಹರಿಯುವ ರಕ್ತದ್ದು. ಎಡಗಡೆ ಹೇಗೋ ಬಲಗಡೆಯೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಚರ್ಮ ಕೆಂಪಗೆ ಊದಿರುವುದಿಲ್ಲ.

ನೆಲದಲ್ಲಿ ಬಿದ್ದ ಪುಕ್ಕ ಎತ್ತಿಕೊಂಡು ಬುಡ ನೋಡಿ. ದಂಟಿನ ಕೊನೆಯವರೆಗೂ ಪೂರ್ತಿ ಇದ್ದು, ಒಣಗಿ ಸ್ವಚ್ಛವಾಗಿದ್ದರೆ ತಾನಾಗಿ ಉದುರಿದ್ದು. ಮಧ್ಯದಲ್ಲಿ ಮುರಿದಿದ್ದರೆ, ಬುಡದಲ್ಲಿ ರಕ್ತ ಇದ್ದರೆ ಯಾರೋ ಕಿತ್ತದ್ದು.

ಹೇನು ಇದ್ದರೆ ಗುದದ ಸುತ್ತ ಮತ್ತು ರೆಕ್ಕೆಯ ಕೆಳಗೆ ಸಿಗುತ್ತದೆ. ಪುಕ್ಕ ಬಿಡಿಸಿದ ಕೂಡಲೇ ತಿಳಿ ಕಂದು ಬಣ್ಣದ ಹುಳ ಸರಸರ ಓಡುತ್ತದೆ. ಗರಿಯ ಬುಡದಲ್ಲಿ ಬಿಳಿ ಮೊಟ್ಟೆಗಳ ಗಂಟು ಇರುತ್ತದೆ. ಕೆಂಪು ನುಸಿ ಹಗಲಲ್ಲಿ ಕೋಳಿಯ ಮೈ ಮೇಲೆ ಇರುವುದೇ ಇಲ್ಲ. ಬಿದಿರಿನ ಸಂದಿಯಲ್ಲಿ, ಗೋಡೆ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಕೋಳಿ ಕೂರುವ ಗಳದ ಅಡಿ ಬಿಳಿ ಬಟ್ಟೆಯಿಂದ ಒರೆಸಿ. ಕೆಂಪು ಕಲೆ ಬಿದ್ದರೆ ನುಸಿ ಇದೆ ಅಂತಲೇ ಅರ್ಥ. ಆಗ ಮರಿಗೆ ಮಾತ್ರ ಮದ್ದು ಹಚ್ಚಿ ಏನೂ ಪ್ರಯೋಜನ ಇಲ್ಲ, ಗೂಡನ್ನೇ ತೊಳೆದು ಒಣಗಿಸಬೇಕು.

ಇನ್ನೊಂದು ಮಾತು. ಮೂರರಿಂದ ಆರು ವಾರದ ಮರಿಗಳಿಗೆ ರಕ್ತಭೇದಿ ಬರುವುದು ಜಾಸ್ತಿ. ಗರಿ ಕೆದರಿಕೊಂಡು, ಕಣ್ಣು ಮುಚ್ಚಿಕೊಂಡು, ಮೂಲೆಯಲ್ಲಿ ಕೂತ ಮರಿಯನ್ನು 'ಗರಿ ಬದಲಿಸ್ತಿದೆ ಬಿಡು' ಅಂತ ಬಿಟ್ಟುಬಿಡಬೇಡಿ. ಹಿಕ್ಕೆ ನೋಡಿ. ರಕ್ತ ಕಂಡರೆ ಆವತ್ತೇ ಪಶುವೈದ್ಯರಿಗೆ ತೋರಿಸಿ. ಗರಿ ಬದಲಿಸುವ ಮರಿ ಸ್ವಲ್ಪ ಮಂಕಾಗಬಹುದು, ಕೈಗೆ ಸಿಗದೆ ತಪ್ಪಿಸಿಕೊಳ್ಳಬಹುದು. ಆದರೆ ಮೇವು ಬಿಡುವುದಿಲ್ಲ.

ಒಂದೇ ಕಾವಿನ ಮರಿಗಳು. ಒಂದಕ್ಕೆ ಗರಿ ತುಂಬಿದೆ, ಇನ್ನೊಂದು ಬೋಳು ಬೋಳು. ಯಾಕೆ?

ಗರಿ ಬೇಗ ಬರುವುದು, ತಡವಾಗಿ ಬರುವುದು ಹುಟ್ಟಿನಿಂದಲೇ ಬರುವ ಗುಣ. ತಡ ಮಾಡುವ ಗುಣ ಇರುವುದು ಲಿಂಗ ನಿರ್ಧರಿಸುವ ವರ್ಣತಂತುವಿನಲ್ಲಿ. ದೊಡ್ಡ ಹ್ಯಾಚರಿಗಳು ಇದನ್ನೇ ಬಳಸಿಕೊಂಡು ಅದಕ್ಕೆಂದೇ ಬೆಳೆಸಿದ ತಳಿಗಳಲ್ಲಿ ಒಂದು ದಿನದ ಮರಿಯ ರೆಕ್ಕೆ ಬಿಡಿಸಿ ಗಂಡೋ ಹೆಣ್ಣೋ ಹೇಳುತ್ತಾರೆ. ರೆಕ್ಕೆಯ ಉದ್ದ ಗರಿಗಳು ಮೇಲಿನ ಮುಚ್ಚು ಗರಿಗಳಿಗಿಂತ ಚೆನ್ನಾಗಿ ಉದ್ದ ಇದ್ದರೆ ಹೆಣ್ಣು. ಹಿತ್ತಲ ನಾಟಿ ಮರಿಗಳಲ್ಲಿ ತಂದೆ ತಾಯಿ ಯಾವ ಗುಣದವು ಅಂತ ಗೊತ್ತಿರುವುದಿಲ್ಲ, ಅಲ್ಲಿ ಈ ಲೆಕ್ಕ ನಂಬಬೇಡಿ. ದಪ್ಪ ಮೈಯ ತಳಿಗಳಲ್ಲಿ ಗಂಡು ಮರಿಗಳು ಹಿಂದೆ ಬೀಳುವುದು ಮಾಮೂಲು. ಬೆನ್ನು ಖಾಲಿ, ಬಾಲ ಇಲ್ಲ, ಕಾಲು ಮಾತ್ರ ಉದ್ದ. ನೋಡಲು ಒಂಥರಾ ವಿಚಿತ್ರ. ಸರಿ ಹೋಗುತ್ತದೆ.

ಹುಂಜ ಯಾವುದು, ಹೇಂಟೆ ಯಾವುದು ಅಂತ ಗರಿ ನೋಡಿ ಹೇಳಬಹುದಾ?

ಎರಡನೇ ಬದಲಾವಣೆ ಆಗುವವರೆಗೆ ಕಾಯಿರಿ. ಅಲ್ಲಿಯವರೆಗೆ ಗಂಡು ಹೆಣ್ಣಿನ ಗರಿ ಹೆಚ್ಚುಕಮ್ಮಿ ಒಂದೇ ಥರ. ಎರಡು, ಎರಡೂವರೆ ತಿಂಗಳಿಗೆ ಸೊಂಟದ ಮೇಲೆ, ಬಾಲ ಶುರುವಾಗುವ ಮುಂಚಿನ ಜಾಗ ನೋಡಿ. ಅಲ್ಲಿ ಹೊಸದಾಗಿ ಬರುತ್ತಿರುವ ಗರಿ ಉದ್ದ, ತೆಳು, ತುದಿ ಚೂಪು, ಹೊಳಪು ಇದ್ದರೆ ಹುಂಜ. ತುದಿ ಗುಂಡಗಿದ್ದರೆ ಹೇಂಟೆ. ಕತ್ತಿನ ಗರಿಯೂ ಹಾಗೆಯೇ.

ಇಲ್ಲಿ ತಮಾಷೆ ಏನೆಂದರೆ, ಹುಂಜದ ಆ ಠೀವಿಗೆ ಗಂಡು ಹಾರ್ಮೋನ್ ಕಾರಣ ಅಲ್ಲ. ಹೆಣ್ಣು ಹಾರ್ಮೋನ್ ಇದ್ದರೆ ಗರಿ ಗುಂಡಗೆ, ಇಲ್ಲದಿದ್ದರೆ ಚೂಪಗೆ. ಬೀಜ ತೆಗೆದ ಹುಂಜಕ್ಕೂ ಹುಂಜದ ಗರಿಯೇ ಬರುತ್ತದೆ. ಅಂಡಾಶಯ ಕೆಟ್ಟ ಮುದಿ ಹೇಂಟೆ ಮುಂದಿನ ಸಲ ಗರಿ ಬದಲಿಸಿದಾಗ ಹುಂಜದ ವೇಷ ಹಾಕಬಹುದು. ಹೇಂಟೆ ಕೂಗಿದರೆ ಅಪಶಕುನ ಅಂತ ಹೆದರುವವರ ಮನೆಯಲ್ಲಿ ಆ ಕೋಳಿಯ ಗತಿ ಏನು ಅಂತ ಹೇಳಬೇಕಾಗಿಲ್ಲ.

ಬಣ್ಣದ ಬಗ್ಗೆಯೂ ಅವಸರ ಬೇಡ. ತುಪ್ಪಳದ ಬಣ್ಣ ಒಂದು, ಮೊದಲ ಗರಿಯದು ಇನ್ನೊಂದು, ಕೊನೆಗೆ ನಿಲ್ಲುವುದು ಮತ್ತೊಂದು. ದೇವರಿಗೆ ಕೆಂಪು ಹುಂಜವೇ ಬೇಕು ಅಂತ ಮರಿ ಇರುವಾಗಲೇ ಗುರುತು ಮಾಡಿಡುವವರು ಮೂರು ತಿಂಗಳು ತಾಳಿ.

ಬ್ರಾಯ್ಲರ್ ಕೋಳಿಗಳಲ್ಲಿ ಇದೆಲ್ಲ ಕಾಣುವುದಿಲ್ಲವಲ್ಲ?

ಅವು ಆರು ವಾರಕ್ಕೇ ಅಂಗಡಿಗೆ ಹೋಗುತ್ತವೆ. ಎರಡನೇ ಬದಲಾವಣೆಯ ವಯಸ್ಸು ಬರುವುದೇ ಇಲ್ಲ.

ಈ ಸಮಯದಲ್ಲಿ ಏನು ತಿನ್ನಿಸಬೇಕು?

ಇಲ್ಲೇ ನಮ್ಮವರು ಎಡವುವುದು. ಗರಿಯ ತೂಕದಲ್ಲಿ ಶೇ. 85–90ರಷ್ಟು ಬರೀ ಪ್ರೋಟೀನ್. ಅದರಲ್ಲೂ ಗಂಧಕ ಇರುವ ಅಮೈನೋ ಆಮ್ಲಗಳು ಜಾಸ್ತಿ. ಕೋಳಿ ಸುಡುವಾಗ ಮೂಗಿಗೆ ಹೊಡೆಯುವ ಕಮಟು ವಾಸನೆ ಆ ಗಂಧಕದ್ದೇ. ಮರಿಯ ಮಾಂಸ, ಮೂಳೆ, ಗರಿ ಮೂರೂ ಒಟ್ಟಿಗೆ ಬೆಳೆಯುವ ಕಾಲ ಇದು. ನಾವು ಹಾಕುವುದು ಅಕ್ಕಿ ನುಚ್ಚು ಮತ್ತು ರಾಗಿ. ಎರಡರಲ್ಲೂ ಪ್ರೋಟೀನ್ ಶೇ. 7–8ರ ಆಸುಪಾಸು. ಎಳೆ ಮರಿಗೆ ಬೇಕಾದದ್ದು ಶೇ. 20ರ ಮೇಲೆ, ಎರಡು ತಿಂಗಳ ಮೇಲಿನದಕ್ಕೆ 16–18. ನುಚ್ಚು ತಿಂದು ಹೊಟ್ಟೆ ತುಂಬುತ್ತದೆ, ಗರಿ ಬರುವುದಿಲ್ಲ. ಬಂದರೂ ಒರಟು, ಬೇಗ ಮುರಿಯುತ್ತದೆ. ಒಂದರ ಗರಿ ಇನ್ನೊಂದು ಕಿತ್ತು ತಿನ್ನುವುದೂ ಇಂಥ ಕೊರತೆಯಿಂದ ಶುರುವಾಗಬಹುದು.

ಹಗಲೆಲ್ಲ ಹೊರಗೆ ಕೆರೆದು ತಿನ್ನುವ ಮರಿಗೆ ಹುಳ ಹುಪ್ಪಟೆ ಸಿಗುತ್ತದೆ, ಅರ್ಧ ಚಿಂತೆ ಇಲ್ಲ. ಒಣ ಸೋಗೆಯ ಕೆಳಗೆ, ಹುತ್ತದ ಪಕ್ಕ ಸಿಗುವ ಗೆದ್ದಲು ತಂದು ಹಾಕಿದರೆ ಮರಿಗಳು ಮುಗಿಬೀಳುತ್ತವೆ. ಅಜ್ಜಿಯಂದಿರು ಇದನ್ನು ಸುಮ್ನೆ ಮಾಡುತ್ತಿರಲಿಲ್ಲ. ಗೂಡಿನಲ್ಲೇ ಕೂಡಿಟ್ಟು ಸಾಕುವವರು ಎರಡು ತಿಂಗಳವರೆಗೆ ಸ್ಟಾರ್ಟರ್ ಫೀಡ್, ಆಮೇಲೆ ಗ್ರೋಯರ್ ಫೀಡ್ ಕೊಡಿ. ಮನೆಯಲ್ಲೇ ಬೆರೆಸುವುದಾದರೆ ಕಡಲೆಕಾಯಿ ಹಿಂಡಿ, ಸೋಯಾ ಹಿಂಡಿ, ಒಣಮೀನು, ಅಜೋಲ್ಲಾ (ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಗಿಡ) ಇವುಗಳಲ್ಲಿ ಸಿಕ್ಕಿದ್ದನ್ನು ಸೇರಿಸಿ. ಎರಡು ಎಚ್ಚರಿಕೆ ಇದೆ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಹಾಗೇ ಹಾಕಿದರೆ ಮರಿ ಸಾಯಬಹುದು. ನೆನೆಸಿ, ನೀರು ಬದಲಿಸಿ ತೊಳೆದು ಒಣಗಿಸಿ. ಕಡಲೆಕಾಯಿ ಹಿಂಡಿ ಬೂಸ್ಟು ಹಿಡಿದಿದ್ದರೆ ತಿಪ್ಪೆಗೂ ಹಾಕಬೇಡಿ, ಯಾಕೆಂದರೆ ಕೋಳಿ ಅಲ್ಲಿಗೂ ಹೋಗುತ್ತದೆ. ಬೂಸ್ಟಿನ ವಿಷ ಮೊದಲು ಹಿಡಿಯುವುದು ಯಕೃತ್ತನ್ನು. ಅಂಥ ಹಿಂಡಿಯನ್ನು ಮಣ್ಣು ಹಾಕಿ ಮುಚ್ಚಿ.

ನೀರಿಗೆ ಹಾಕುವ ವಿಟಮಿನ್ ಹನಿಗಳು? ಕೊಟ್ಟರೆ ಕೆಡುಕಿಲ್ಲ, ಬಾಟಲಿ ಮೇಲಿನ ಅಳತೆ ಮೀರಬಾರದು. ಆದರೆ ಅದರಿಂದ ಪ್ರೋಟೀನ್ ಸಿಗುವುದಿಲ್ಲ.

ಬೇಗ ಗರಿ ಬರಲಿ ಅಂತ ಮೊಟ್ಟೆ ಇಡುವ ಕೋಳಿಗೆ ಹಾಕುವ ಲೇಯರ್ ಫೀಡ್ ಕೊಡಬಹುದಾ?

ಬೇಡ. ಅದರಲ್ಲಿ ಸುಣ್ಣದಂಶ ಶೇ. 3.5ರ ಮೇಲಿರುತ್ತದೆ, ಎಳೆ ಕೋಳಿಗೆ ಸುಮಾರು ಶೇ. 1 ಸಾಕು. ಹೆಚ್ಚಾದದ್ದು ಮೂತ್ರಪಿಂಡ ಹಾಳು ಮಾಡುತ್ತದೆ.

ಮರಿಗಳ ಮೈ ಬೆಚ್ಚಗಿರಲಿ ಅಂತ ಹಾಕುವ ಬಲ್ಬ್ ಯಾವಾಗ ತೆಗೆಯಬೇಕು?

ಮರಿಯ ಬೆನ್ನು ಮುಚ್ಚಿದ ಮೇಲೆ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ. ನಾಲ್ಕೈದು ವಾರಕ್ಕೆ ಗರಿ ತುಂಬಿದರೆ ಬಯಲುಸೀಮೆಯ ಬೇಸಿಗೆಯಲ್ಲಿ ಬಲ್ಬ್ ಬೇಡವೇ ಬೇಡ. ಮಲೆನಾಡಿನ ಜುಲೈ, ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಇನ್ನೊಂದು ವಾರ ಇರಲಿ. ತಾಯಿ ಕೋಳಿ ಜೊತೆಗಿದ್ದರೆ ಈ ತಲೆನೋವೇ ಇಲ್ಲ, ಅದರ ರೆಕ್ಕೆಯ ಕೆಳಗೆ ಎಲ್ಲ ವ್ಯವಸ್ಥೆ ಇದೆ.

ಎರಡನೇ ಬದಲಾವಣೆಯಲ್ಲಿ ಬಲ್ಬ್ ಬೇಕಾಗುವುದಿಲ್ಲ. ಮಳೆಗೆ ನೆನೆಯದಂತೆ, ಎರಚಲು ಹೊಡೆಯದಂತೆ ನೋಡಿಕೊಂಡರೆ ಸಾಕು.

ಎಳೆ ಗರಿ ಮುರಿದು ರಕ್ತ ಬರುತ್ತಿದೆ. ಏನು ಮಾಡಲಿ?

ಮೊದಲು ಆ ಮರಿಯನ್ನು ಬೇರೆ ಮಾಡಿ. ರಕ್ತ ಕಂಡರೆ ಉಳಿದವು ಕುಕ್ಕಿ ಕುಕ್ಕಿ ಗಾಯ ದೊಡ್ಡದು ಮಾಡುತ್ತವೆ, ಕೊಂದೇ ಹಾಕುವುದೂ ಉಂಟು. ಅರಿಶಿನ ಪುಡಿ ಒತ್ತಿ ಹಿಡಿದು ಒಂದೆರಡು ನಿಮಿಷ ಬಿಡಬೇಡಿ. ನಿಲ್ಲದಿದ್ದರೆ ಪಶುವೈದ್ಯರ ಹತ್ತಿರ ಹೋಗಿ, ಮುರಿದ ಗರಿಯನ್ನು ಬುಡಸಮೇತ ತೆಗೆಯಬೇಕಾಗಬಹುದು. ಎಳೆ ಗರಿ ಮುಟ್ಟಿದರೆ ನೋವಾಗುತ್ತದೆ. ಈ ದಿನಗಳಲ್ಲಿ ಮಕ್ಕಳು ಎತ್ತಿ ಆಡುವುದು ಬೇಡ.

ಕುಕ್ಕಾಟ ನಿಲ್ಲುತ್ತಲೇ ಇಲ್ಲ ಅಂದರೆ ಗೂಡು ಇಕ್ಕಟ್ಟಾಗಿದೆಯಾ, ರಾತ್ರಿಯಿಡೀ ಜೋರು ಬೆಳಕು ಇದೆಯಾ, ಮೇವಿನ ತಟ್ಟೆ ಸಾಲುತ್ತಿಲ್ಲವಾ ನೋಡಿ. ಗಾಯದ ಸುತ್ತ ಬೇವಿನ ಎಣ್ಣೆ ಹಚ್ಚಿದರೆ ಕಹಿಗೆ ಸ್ವಲ್ಪ ದೂರ ಇರುತ್ತವೆ. ಸೊಪ್ಪಿನ ಕಟ್ಟು ನೇತುಹಾಕಿದರೆ ಅದನ್ನು ಕುಕ್ಕುತ್ತಾ ಇರುತ್ತವೆ.

ಗರಿ ಉದುರುತ್ತಿರುವಾಗ ಲಸಿಕೆ ಹಾಕಿಸಬಹುದಾ?

ಕೊಕ್ಕರೆ ರೋಗಕ್ಕೆ (ರಾಣಿಖೇತ್) ಎಂಟನೇ ವಾರ ಹಾಕುವ ಆರ್‌2ಬಿ ಲಸಿಕೆ ಸರಿಯಾಗಿ ಈ ಸಮಯಕ್ಕೇ ಬರುತ್ತದೆ. ಮರಿ ತಿಂದುಂಡು ಚುರುಕಾಗಿದ್ದರೆ ಹಾಕಿಸಿ. ಗರಿ ಉದುರುವುದು ಕಾಯಿಲೆ ಅಲ್ಲ, ಅದಕ್ಕಾಗಿ ಮುಂದೂಡಬೇಡಿ. ಊರಿಗೆ ಊರೇ ಕೋಳಿ ಕಳೆದುಕೊಳ್ಳುವುದು ಆ ರೋಗದಿಂದ. ಮಂಕಾಗಿರುವ, ಭೇದಿ ಇರುವ ಮರಿಗೆ ಮಾತ್ರ ಬೇಡ.

ಹಾರಬಾರದು ಅಂತ ಆರು ವಾರದ ಮರಿಯ ಒಂದು ರೆಕ್ಕೆಯ ಗರಿ ಕತ್ತರಿಸಿದ್ದೆ. ಮತ್ತೆ ಗೋಡೆ ಹಾರುತ್ತಿದೆಯಲ್ಲ?

ಆರು ವಾರಕ್ಕೆ ಕತ್ತರಿಸಿದ್ದೀರಿ, ಆ ಗರಿಗಳೇ ಈಗ ಬಿದ್ದುಹೋಗಿ ಹೊಸದು ಬಂದಿವೆ. ಮೂರೂವರೆ, ನಾಲ್ಕು ತಿಂಗಳು ಆದ ಮೇಲೆ ಇನ್ನೊಮ್ಮೆ ಕತ್ತರಿಸಿ. ದಂಟಿನೊಳಗೆ ನೀಲಿ ಬಣ್ಣ ಕಾಣುವ ಗರಿಗೆ ಕತ್ತರಿ ಹಾಕಬೇಡಿ, ರಕ್ತ ಸುರಿಯುತ್ತದೆ.

ಕತ್ತಿನಲ್ಲಿ ಒಂದೂ ಗರಿ ಇಲ್ಲ. ನಾಲ್ಕು ತಿಂಗಳಾದರೂ ಬಂದಿಲ್ಲ.

ಮೈಯೆಲ್ಲ ಚೆನ್ನಾಗಿದ್ದು ಕತ್ತು ಮಾತ್ರ ಹುಟ್ಟಿನಿಂದ ಬೋಳಾಗಿದ್ದರೆ ಅದು ಬೋಳು ಕತ್ತಿನ ತಳಿ. ಮದ್ದು ಬೇಡ, ಗರಿ ಬರುವುದೂ ಇಲ್ಲ. ಇಂಥ ಕೋಳಿಗೆ ಮೈಯ ಗರಿಯೂ ಕಡಿಮೆ, ಬಿಸಿಲು ಚೆನ್ನಾಗಿ ತಡೆಯುತ್ತದೆ.

ಮೊಟ್ಟೆ ಶುರು ಮಾಡಿ ಎರಡು ತಿಂಗಳಾಗಿಲ್ಲ. ಹೇಂಟೆ ಕತ್ತಿನ ಗರಿ ಉದುರಿಸುತ್ತಿದೆ, ಮೊಟ್ಟೆಯೂ ನಿಂತಿದೆ.

ಇದು ವಯಸ್ಸಿನ ಬದಲಾವಣೆ ಅಲ್ಲ, ಏನೋ ಹೆಚ್ಚುಕಮ್ಮಿ ಆಗಿದೆ. ಒಂದು ದಿನ ನೀರು ಖಾಲಿಯಾಗಿತ್ತಾ? ಫೀಡ್ ಬದಲಿಸಿದಿರಾ? ಬೇರೆ ಗೂಡಿಗೆ ಹಾಕಿದಿರಾ? ನಾಯಿ ಅಟ್ಟಿಸಿಕೊಂಡು ಬಂದಿತ್ತಾ? ಸಂಜೆ ಹಾಕುತ್ತಿದ್ದ ದೀಪ ಕೆಟ್ಟಿದೆಯಾ? ಎಳೆ ಹೇಂಟೆ ಇಂಥದ್ದಕ್ಕೆಲ್ಲ ಮೊಟ್ಟೆ ನಿಲ್ಲಿಸಿ ಕತ್ತಿನ ಗರಿ ಬಿಡುತ್ತದೆ. ಕಾರಣ ಸರಿಮಾಡಿದರೆ ಕೆಲವು ವಾರಕ್ಕೆ ಮತ್ತೆ ಮೊಟ್ಟೆಗೆ ಬರುತ್ತದೆ. ಬೆನ್ನಿನ ಮೇಲೆ ಮಾತ್ರ ಗರಿ ಹೋಗಿದ್ದರೆ ಹುಂಜ ಮೆಟ್ಟಿದ್ದು. ಹೇಂಟೆಗಳು ಕಡಿಮೆ ಇದ್ದು ಹುಂಜ ಜಾಸ್ತಿ ಇದ್ದಾಗ ಹೀಗಾಗುತ್ತದೆ.

ಗರಿ ಬದಲಿಸುತ್ತಿರುವ ಕೋಳಿಯನ್ನು ಅಡುಗೆಗೆ ಬಳಸಬಹುದಾ?

ತಿನ್ನಲು ಏನೂ ತೊಂದರೆ ಇಲ್ಲ, ಕ್ಲೀನ್ ಮಾಡುವವರಿಗೆ ಮಾತ್ರ ಕಷ್ಟ. ಬಿಸಿನೀರಿಗೆ ಅದ್ದಿ ಕಿತ್ತರೂ ಚರ್ಮದೊಳಗೆ ಎಳೆ ಗರಿಯ ಬುಡಗಳು ಉಳಿದೇ ಉಳಿಯುತ್ತವೆ. ಅರಿಶಿನ ಸವರಿ ಬೆಂಕಿಯಲ್ಲಿ ಸುಟ್ಟರೂ ಪೂರ್ತಿ ಹೋಗುವುದಿಲ್ಲ, ಒಂದೊಂದಾಗಿ ಉಗುರಿನಿಂದ ಹಿಂಡಿ ತೆಗೆಯಬೇಕು. ಹಬ್ಬಕ್ಕೆ ಅಂತ ಎಳೆ ಹುಂಜ ಬಿಟ್ಟಿದ್ದರೆ ಮೂರೂವರೆ ತಿಂಗಳು ದಾಟಲಿ. ಗರಿ ಗಟ್ಟಿಯಾಗಿರುತ್ತದೆ, ಸಲೀಸಾಗಿ ಕಿತ್ತು ಬರುತ್ತದೆ, ಅಷ್ಟರಲ್ಲಿ ಮೈಯೂ ತುಂಬಿರುತ್ತದೆ.